ಪ್ಲೇಟ್‌ಲೆಟ್ ಚೀಲದೊಳಗಿನ ಬ್ಯಾಕ್ಟೀರಿಯಾ: ಐದು ಪರೀಕ್ಷೆಗಳಿಗೂ ಸಿಗದ ಅಪಾಯ

ಎರಡು ಮಳೆಗಾಲದ ಹಿಂದೆ ನಮ್ಮ ಅತ್ತಿಗೆಯ ತಮ್ಮನಿಗೆ ಡೆಂಗಿ ಆಗಿತ್ತು. ಸಿಂಧನೂರಿನ ಒಂದು ನರ್ಸಿಂಗ್ ಹೋಮಿಗೆ ಸೇರಿಸಿದ್ದರು. ಐದನೇ ದಿನ ಬೆಳಿಗ್ಗೆ ಪ್ಲೇಟ್‌ಲೆಟ್ (ರಕ್ತ ಹೆಪ್ಪುಗಟ್ಟಲು ನೆರವಾಗುವ ಕಣ) ಕೌಂಟ್ 18 ಸಾವಿರಕ್ಕೆ ಇಳಿಯಿತು. ಡಾಕ್ಟರು ಚೀಟಿ ಬರೆದುಕೊಟ್ಟರು: ನಾಲ್ಕು ಪ್ಲೇಟ್‌ಲೆಟ್. ರಾಯಚೂರಿಗೆ ಹೋಗಿ ತರುವ ಕೆಲಸ ನನ್ನ ಪಾಲಿಗೆ ಬಂತು. ದಾರಿಯಲ್ಲೇ ಒಂದು ಥರ್ಮೋಕೋಲ್ ಡಬ್ಬಿ ಕೊಂಡೆ. ಅಂಗಡಿಯವನು ನಾನು ಕೇಳದಿದ್ದರೂ ತಳಕ್ಕೆ ಎರಡು ಐಸ್ ಪ್ಯಾಕೆಟ್ ಹಾಸಿದ. ರಕ್ತನಿಧಿಯ ಕೌಂಟರಿನಲ್ಲಿದ್ದ ಟೆಕ್ನಿಷಿಯನ್ ಮುಚ್ಚಳ ತೆಗೆದು ನೋಡಿದವರೇ ಗಾಬರಿಯಾದರು.

‘ಮೊದ್ಲು ಐಸ್ ತೆಗೀರಿ ಅಣ್ಣಾರ. ಇದು ರಕ್ತ ಅಲ್ಲ, ಪ್ಲೇಟ್‌ಲೆಟ್. ತಂಪು ಹತ್ತಿದ್ರ ಕೆಡ್ತದ.’

‘ಬಿಸಿಲು ಹತ್ತಿದ್ರ?’

‘ಬಿಸಿಲೂ ಹತ್ತಬಾರದು.’

ನಾಲ್ಕೂ ಚೀಲ ಹಳದಿ. ತಿಳಿ ಸಾರಿನ ಬಣ್ಣ. ಅಂಗೈಯಲ್ಲಿ ಹಿಡಿಯುವಷ್ಟು ಚಿಕ್ಕವು. ಬಸ್ಸಿನಲ್ಲಿ ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡು ಬಂದೆ.

ರಾತ್ರಿ ಎರಡನೇ ಚೀಲ ಅರ್ಧ ಇಳಿದಿತ್ತು. ಹುಡುಗನಿಗೆ ಚಳಿ ಹತ್ತಿತು. ಹಲ್ಲು ಕಟಕಟ ಎನ್ನುತ್ತಿತ್ತು, ಮಂಚ ಅಲುಗಾಡುತ್ತಿತ್ತು. ಸಿಸ್ಟರ್ ಬಂದು ಅಲರ್ಜಿ ತಗ್ಗಿಸುವ ಅವಿಲ್, ಹೈಡ್ರೋಕಾರ್ಟ್ ಎರಡೂ ಇಂಜೆಕ್ಷನ್ ಕೊಟ್ಟು ರಗ್ಗು ಹೊದಿಸಿದರು. ‘ರಕ್ತ ಹಾಕಿದಾಗ ಹಿಂಗ ಆಗ್ತದ, ಅಂಜಬ್ಯಾಡ್ರಿ’ ಎಂದರು. ಅರ್ಧ ಗಂಟೆಗೆ ಚಳಿ ಇಳಿಯಿತು. ಉಳಿದದ್ದನ್ನೂ ಹಾಕಿದರು. ಖಾಲಿ ಚೀಲ ಹಳದಿ ಬಕೆಟ್ಟಿಗೆ ಹೋಯಿತು. ನಾಲ್ಕು ದಿನಕ್ಕೆ ಹುಡುಗ ಗುಣವಾಗಿ ಮನೆಗೆ ಬಂದ.

ಆ ಚಳಿ ಡೆಂಗಿಯದಾಗಿರಬಹುದು. ದಾನಿಯ ರಕ್ತದಲ್ಲಿ ಉಳಿದಿದ್ದ ಬಿಳಿ ಕಣಗಳಿಗೆ ಮೈ ಒಗ್ಗದೆ ಬಂದದ್ದಾಗಿರಬಹುದು. ಚೀಲದೊಳಗೆ ಬೆಳೆದ ಬ್ಯಾಕ್ಟೀರಿಯಾದಿಂದಲೂ ಆಗಿರಬಹುದು. ಮೂರರಲ್ಲಿ ಯಾವುದು ಎಂದು ಹೇಳಬಲ್ಲ ಒಂದೇ ಒಂದು ಸಾಕ್ಷಿ ಆ ಹಳದಿ ಬಕೆಟ್ಟಿನಲ್ಲಿತ್ತು. ಅದನ್ನು ಯಾರೂ ಲ್ಯಾಬಿಗೆ ಕಳಿಸಲಿಲ್ಲ. ಕಳಿಸಿ ಎಂದು ಕೇಳಬೇಕೆಂಬುದು ನನಗೂ ಆಗ ತಿಳಿದಿರಲಿಲ್ಲ.

ನಮ್ಮ ದೇಶದಲ್ಲಿ ದಾನಿಯಿಂದ ಪಡೆದ ಪ್ರತಿ ಯೂನಿಟ್ ರಕ್ತಕ್ಕೂ ಐದು ಪರೀಕ್ಷೆ ಕಡ್ಡಾಯ: ಎಚ್‌ಐವಿ, ಹೆಪಟೈಟಿಸ್ ಬಿ, ಹೆಪಟೈಟಿಸ್ ಸಿ, ಸಿಫಿಲಿಸ್, ಮಲೇರಿಯಾ. ಚೀಲದ ಲೇಬಲ್ ಮೇಲೆ ಈ ಐದೂ ನೆಗೆಟಿವ್ ಎಂದು ಅಚ್ಚಾಗಿರುತ್ತದೆ. ಅದನ್ನು ಓದಿದವರು ಚೀಲ ಶುದ್ಧವಾಗಿದೆ ಎಂದುಕೊಳ್ಳುವುದು ಸಹಜ. ಆದರೆ ಈ ಐದೂ ದಾನಿಯ ಮೈಯಲ್ಲಿ ಮೊದಲೇ ಇದ್ದಿರಬಹುದಾದ ರೋಗಗಳು. ಸೂಜಿ ಚುಚ್ಚುವ ಹೊತ್ತಿನಲ್ಲಿ ಚರ್ಮದಿಂದ ಒಳಗೆ ಹೋಗಿ, ಚೀಲದಲ್ಲೇ ಮರಿ ಹಾಕಿ ಬೆಳೆಯುವ ಬ್ಯಾಕ್ಟೀರಿಯಾವನ್ನು ಇವುಗಳಲ್ಲಿ ಒಂದೂ ಹಿಡಿಯುವುದಿಲ್ಲ. ತಯಾರಾದ ಪ್ಲೇಟ್‌ಲೆಟ್‌ಗಳಲ್ಲಿ ನೂರಕ್ಕೆ ಒಂದರಂತೆ ಚೀಲ ಆರಿಸಿ ಗುಣಮಟ್ಟ ನೋಡಬೇಕೆಂದು ನಿಯಮ ಹೇಳುತ್ತದೆ. ರೋಗಿಗೆ ಹೋಗುವ ಪ್ರತಿಯೊಂದು ಚೀಲಕ್ಕೂ ಬ್ಯಾಕ್ಟೀರಿಯಾ ಪರೀಕ್ಷೆ ಮಾಡಬೇಕೆಂದು ಹೇಳುವುದಿಲ್ಲ.

ಬೇರೆ ರಕ್ತದ ಚೀಲಕ್ಕಿಂತ ಈ ತೊಂದರೆ ಪ್ಲೇಟ್‌ಲೆಟ್‌ಗೇ ಏಕೆ ಹೆಚ್ಚು? ಉತ್ತರ ನಮ್ಮ ಅಡುಗೆಮನೆಯಲ್ಲೇ ಇದೆ. ಹಾಲಿಗೆ ಒಂದು ಹನಿ ಮಜ್ಜಿಗೆ ಹಾಕಿ ಫ್ರಿಜ್ಜಿನಲ್ಲಿಟ್ಟರೆ ಬೆಳಿಗ್ಗೆಯೂ ಹಾಲು ಹಾಲೇ. ಹೊರಗಿಟ್ಟರೆ ಮೊಸರು. ಕೆಂಪು ರಕ್ತವನ್ನು 2ರಿಂದ 6 ಡಿಗ್ರಿಯಲ್ಲಿ ಇಡುತ್ತಾರೆ, ಪ್ಲಾಸ್ಮಾವನ್ನು ಹೆಪ್ಪುಗಟ್ಟಿಸುತ್ತಾರೆ. ಪ್ಲೇಟ್‌ಲೆಟ್ ಇಡುವುದು 20ರಿಂದ 24 ಡಿಗ್ರಿಯಲ್ಲಿ. ಅದೂ ಸುಮ್ಮನೆ ಅಲ್ಲ. ಅಜಿಟೇಟರ್ ಎಂಬ ಯಂತ್ರದ ತಟ್ಟೆಗಳ ಮೇಲೆ ತೊಟ್ಟಿಲಿನಂತೆ ಹಗಲೂ ರಾತ್ರಿ ತೂಗುತ್ತಿರಬೇಕು. ಗಾಳಿಯಾಡುವ ಪ್ಲಾಸ್ಟಿಕ್ ಚೀಲ, ಒಳಗೆ ಸಕ್ಕರೆ, ಪ್ರೋಟೀನು, ಹದವಾದ ಶಾಖ. ಬ್ಯಾಕ್ಟೀರಿಯಾಕ್ಕೆ ಇದಕ್ಕಿಂತ ಒಳ್ಳೆಯ ಮನೆ ಬೇಕೆಂದರೂ ಸಿಗದು. ಪ್ಲೇಟ್‌ಲೆಟ್ ಆಯಸ್ಸನ್ನು ಐದೇ ದಿನಕ್ಕೆ ನಿಲ್ಲಿಸಿರುವುದಕ್ಕೆ ಮುಖ್ಯ ಕಾರಣವೂ ಇದೇ ಭಯ.

ಹಾಗಾದರೆ ಫ್ರಿಜ್ಜಿನಲ್ಲೇ ಇಡಬಹುದಲ್ಲ ಎಂದರೆ, ಮೊದಲು ಇಡುತ್ತಿದ್ದರು. ತಂಪಿನಲ್ಲಿಟ್ಟ ಪ್ಲೇಟ್‌ಲೆಟ್ ರೋಗಿಯ ಮೈಯೊಳಗೆ ಹೋದ ಮೇಲೆ ಹೆಚ್ಚು ಹೊತ್ತು ಉಳಿಯುವುದಿಲ್ಲ, ಕೋಣೆಯ ಶಾಖದಲ್ಲಿಟ್ಟದ್ದು ದಿನಗಟ್ಟಲೆ ಉಳಿಯುತ್ತದೆ ಎಂದು 1969ರಲ್ಲಿ ಮರ್ಫಿ ಮತ್ತು ಗಾರ್ಡ್ನರ್ ತೋರಿಸಿದರು. ತಂಪು ತಾಗಿದಾಗ ಪ್ಲೇಟ್‌ಲೆಟ್‌ನ ಮೈಮೇಲಿನ ಕೆಲವು ಪ್ರೋಟೀನುಗಳು ಗುಂಪುಗೂಡುತ್ತವೆ. ಯಕೃತ್ತಿನಲ್ಲಿರುವ ಕಾವಲು ಕಣಗಳು ಅವನ್ನು ಕೆಟ್ಟ ಸರಕೆಂದು ಗುರುತಿಸಿ ನುಂಗಿಬಿಡುತ್ತವೆ. ನನ್ನ ಡಬ್ಬಿಯ ಐಸ್ ನೋಡಿ ಆ ಟೆಕ್ನಿಷಿಯನ್ ಗಾಬರಿಯಾದದ್ದು ಇದಕ್ಕೆ. ಅಂದರೆ ಆಯ್ಕೆ ಎರಡೇ: ತಂಪಿನಲ್ಲಿಟ್ಟು ಪ್ಲೇಟ್‌ಲೆಟ್ ಕಳೆದುಕೊಳ್ಳಬೇಕು, ಇಲ್ಲವೇ ಬೆಚ್ಚಗಿಟ್ಟು ಬ್ಯಾಕ್ಟೀರಿಯಾ ಬೆಳೆಯುವ ಅಪಾಯ ಹೊರಬೇಕು. ಜಗತ್ತು ಬಹುಮಟ್ಟಿಗೆ ಎರಡನೆಯದನ್ನು ಆರಿಸಿಕೊಂಡಿದೆ.

ಅಪಾಯದ ಪ್ರಮಾಣ ಎಷ್ಟು? ಪರೀಕ್ಷೆ ನಡೆಸುವ ದೇಶಗಳ ಲೆಕ್ಕದಲ್ಲಿ ಸುಮಾರು ಸಾವಿರದಿಂದ ಮೂರು ಸಾವಿರ ಚೀಲಕ್ಕೆ ಒಂದರಲ್ಲಿ ಬ್ಯಾಕ್ಟೀರಿಯಾ ಸಿಗುತ್ತದೆ. ಸಿಕ್ಕಿದ್ದೆಲ್ಲ ರೋಗಿಯನ್ನು ಕೊಲ್ಲುವುದಿಲ್ಲ. ಚರ್ಮದ ಮೇಲೆ ಸದಾ ಇರುವ ಸ್ಟೆಫಿಲೊಕಾಕಸ್ ಎಪಿಡರ್ಮಿಡಿಸ್‌ನಂಥವು ಬಹಳ ಸಲ ಜ್ವರ, ಚಳಿಯಲ್ಲಿ ಮುಗಿಯುತ್ತವೆ. ಸ್ಟೆಫಿಲೊಕಾಕಸ್ ಆರಿಯಸ್ ಆದರೆ ಕಷ್ಟ. ಕ್ಲೆಬ್ಸಿಯೆಲ್ಲಾ, ಇ. ಕೋಲಿ, ಸೆರೇಷಿಯಾದಂಥ ಗ್ರಾಂ ನೆಗೆಟಿವ್ ಜಾತಿಯಾದರೆ ಬ್ಯಾಕ್ಟೀರಿಯಾದ ಜೊತೆಗೆ ಅವು ಬಿಟ್ಟ ವಿಷವೂ ನೇರವಾಗಿ ರಕ್ತನಾಳಕ್ಕೆ ಇಳಿಯುತ್ತದೆ. ಬಿಪಿ ಕೆಲವೇ ನಿಮಿಷಗಳಲ್ಲಿ ಕುಸಿಯಬಹುದು. ಎಚ್‌ಐವಿಯನ್ನು ಬಹಳ ಕಟ್ಟುನಿಟ್ಟಾಗಿ ಹಿಡಿಯುವ ದೇಶಗಳಲ್ಲಿ ಇಂದು ಪ್ಲೇಟ್‌ಲೆಟ್ ಮೂಲಕ ಸೋಂಕು ತಗಲುವ ದೊಡ್ಡ ದಾರಿ ಬ್ಯಾಕ್ಟೀರಿಯಾವೇ.

ಈಗ ದಾನಿಯ ಮೊಣಕೈ ಮಡಿಕೆಗೆ ಬನ್ನಿ. ಎಲ್ಲ ಶುರುವಾಗುವುದು ಅಲ್ಲಿಂದ. ನಮ್ಮ ಕಡೆ ರಕ್ತದಾನ ಶಿಬಿರಗಳೆಂದರೆ ಜಯಂತಿ, ನಾಯಕರ ಹುಟ್ಟುಹಬ್ಬ, ಮಠದ ಜಾತ್ರೆ. ಶಾಮಿಯಾನದ ಕೆಳಗೆ ಹತ್ತು ಮಂಚ, ಸಾಲಿನಲ್ಲಿ ಇನ್ನೂರು ಹುಡುಗರು, ಮೈಕಿನಲ್ಲಿ ಯೂನಿಟ್ ಲೆಕ್ಕ. ಗಂಗಾವತಿ ಕಡೆಯ ಅಂಥ ಒಂದು ಶಿಬಿರದಲ್ಲಿ ನನ್ನ ಸರದಿಗಾಗಿ ಕಾಯುತ್ತಾ ಪಕ್ಕದ ಮಂಚವನ್ನೇ ನೋಡುತ್ತಿದ್ದೆ. ಟೆಕ್ನಿಷಿಯನ್ ಸ್ಪಿರಿಟ್ ಹತ್ತಿಯಿಂದ ಒಮ್ಮೆ ಒರೆಸಿದರು. ಒಣಗುವ ಮೊದಲೇ ನರ ಸಿಗುತ್ತದೆಯೇ ಎಂದು ಬೆರಳಿನಿಂದ ಅದೇ ಜಾಗವನ್ನು ಒತ್ತಿ ನೋಡಿದರು. ಆಮೇಲೆ ಸೂಜಿ ಚುಚ್ಚಿದರು. ಎಲ್ಲ ಸೇರಿ ಹತ್ತು ಸೆಕೆಂಡು.

ಅಲ್ಲಿ ಮೂರು ತಪ್ಪು ಆದವು. ಒರೆಸುವುದು ಸಾಲದು, ಕ್ಲೋರ್‌ಹೆಕ್ಸಿಡಿನ್ ಮತ್ತು ಆಲ್ಕೋಹಾಲ್ ಬೆರೆತ ದ್ರಾವಣದಿಂದ, ಅಥವಾ ಆಲ್ಕೋಹಾಲ್ ಆದ ಮೇಲೆ ಪೊವಿಡೋನ್ ಅಯೋಡಿನ್‌ನಿಂದ, ಕನಿಷ್ಠ ಅರ್ಧ ನಿಮಿಷ ಉಜ್ಜಬೇಕು. ಉಜ್ಜಿದ ಮೇಲೆ ಅದು ತಾನಾಗಿ ಒಣಗಬೇಕು, ಏಕೆಂದರೆ ಕೊಲ್ಲುವ ಕೆಲಸ ನಡೆಯುವುದು ಒಣಗುವ ಆ ಹೊತ್ತಿನಲ್ಲೇ. ಒಣಗಿದ ಜಾಗವನ್ನು ಮತ್ತೆ ಮುಟ್ಟಬಾರದು. ಮುಟ್ಟಿದರೆ ಮೊದಲಿನಿಂದ ಶುರು. ಆ ಟೆಕ್ನಿಷಿಯನ್ ಕೆಟ್ಟವರಲ್ಲ. ಬೆಳಗಿನಿಂದ ನಿಂತೇ ಇದ್ದರು, ವೇದಿಕೆಯವರು ಬೇಗ ಬೇಗ ಎನ್ನುತ್ತಿದ್ದರು. ಇನ್ನೂರು ಯೂನಿಟ್ ಆಗಲೇಬೇಕೆಂದು ಸಂಘಟಕರು ಹಟ ಹಿಡಿದಾಗ ಕಡಿತ ಬೀಳುವುದು ಈ ಒಂದು ನಿಮಿಷಕ್ಕೆ.

ಸರಿಯಾಗಿ ಉಜ್ಜಿದರೂ ಚರ್ಮದ ಆಳದಲ್ಲಿ, ಕೂದಲ ಬುಡದಲ್ಲಿ ಕೆಲವು ಉಳಿಯುತ್ತವೆ. ಸೂಜಿ ಟೊಳ್ಳಾಗಿರುವುದರಿಂದ ಚರ್ಮದ ಒಂದು ಸಣ್ಣ ಚೂರನ್ನು ಕೊರೆದುಕೊಂಡೇ ಒಳಗೆ ಹೋಗುತ್ತದೆ. ಮೊದಲು ಹರಿಯುವ ರಕ್ತ ಆ ಚೂರನ್ನು ಹೊತ್ತು ತರುತ್ತದೆ. ಆದ್ದರಿಂದ ಮೊದಲ ಸುಮಾರು 30 ಮಿಲಿಲೀಟರ್ ರಕ್ತವನ್ನು ಪಕ್ಕದ ಒಂದು ಪುಟ್ಟ ಪೌಚಿಗೆ ತಿರುಗಿಸಿ, ಆಮೇಲೆ ದೊಡ್ಡ ಚೀಲಕ್ಕೆ ಬಿಡುವ ಪದ್ಧತಿ ಬಂತು. ಪೌಚಿನಲ್ಲಿ ಕೂತ ರಕ್ತ ವ್ಯರ್ಥವಾಗುವುದಿಲ್ಲ, ಆ ಐದು ಕಡ್ಡಾಯ ಪರೀಕ್ಷೆಗಳಿಗೆ ಸ್ಯಾಂಪಲ್ ಅದರಿಂದಲೇ ತೆಗೆಯಬಹುದು. ಇಷ್ಟು ಸರಳ ಉಪಾಯದಿಂದ ಚರ್ಮದ ಬ್ಯಾಕ್ಟೀರಿಯಾ ಚೀಲ ಸೇರುವುದು ಗಣನೀಯವಾಗಿ ಇಳಿಯುತ್ತದೆ ಎಂಬುದು ಹಲವು ದೇಶಗಳ ಅನುಭವ. ಪೌಚ್ ಇಲ್ಲದ ಚೀಲಗಳು ನಮ್ಮಲ್ಲಿ ಇನ್ನೂ ಬಳಕೆಯಲ್ಲಿವೆ, ಅವು ಅಗ್ಗ ಎಂಬ ಕಾರಣಕ್ಕೆ. ಟೆಂಡರ್ ಬರೆಯುವ ಮೇಜಿನ ಮೇಲೆ ಒಂದು ಸಾಲು ಸೇರಿಸಿದರೆ ಮುಗಿಯುವ ಕೆಲಸ ಇದು.

ಚರ್ಮದಿಂದ ಬರುವುದಷ್ಟೇ ಅಲ್ಲ. ಹಲ್ಲು ಕೀಳಿಸಿಕೊಂಡು ಬಂದವರ, ಹಿಂದಿನ ದಿನ ಭೇದಿಯಾದವರ ರಕ್ತದಲ್ಲಿ ಜ್ವರವೇ ಇಲ್ಲದೆ ಬ್ಯಾಕ್ಟೀರಿಯಾ ಓಡಾಡುತ್ತಿರಬಹುದು. ಶಿಬಿರದ ಫಾರ್ಮಿನಲ್ಲಿ ಇವನ್ನು ಕೇಳಿರುತ್ತಾರೆ. ಎಲ್ಲದಕ್ಕೂ ‘ಇಲ್ಲ’ ಎಂದು ಒಂದೇ ಗೀಟು ಎಳೆದು ಸಹಿ ಹಾಕುವವರನ್ನು ನಾನೇ ನೋಡಿದ್ದೇನೆ.

ಇನ್ನು ಪರೀಕ್ಷೆಯ ವಿಚಾರ. ಚೀಲದಿಂದ ಸ್ವಲ್ಪ ತೆಗೆದು ಕಲ್ಚರ್ (ಬ್ಯಾಕ್ಟೀರಿಯಾ ಇದೆಯೇ ಎಂದು ಬಾಟಲಿಯಲ್ಲಿ ಬೆಳೆಸಿ ನೋಡುವುದು) ಮಾಡಿದರಾಯಿತಲ್ಲ ಎಂದು ಯಾರಿಗಾದರೂ ಅನಿಸುತ್ತದೆ. ಇಲ್ಲಿ ಒಂದು ಲೆಕ್ಕವಿದೆ. 250 ಮಿಲಿಲೀಟರ್ ಚೀಲದಲ್ಲಿ ಶುರುವಿಗೆ ಹತ್ತೇ ಹತ್ತು ಬ್ಯಾಕ್ಟೀರಿಯಾ ಇವೆ ಎನ್ನಿ. ಆಗಲೇ 8 ಮಿಲಿಲೀಟರ್ ತೆಗೆದರೆ, ಆ ಎಂಟರೊಳಗೆ ಹತ್ತರಲ್ಲಿ ಒಂದಾದರೂ ಬರುವ ಸಾಧ್ಯತೆ ನೂರಕ್ಕೆ 28 ಮಾತ್ರ. ಉಳಿದ 72 ಸಲ ಬಾಟಲಿ ಶುದ್ಧ ಎನ್ನುತ್ತದೆ, ಚೀಲ ಶುದ್ಧವಾಗಿರುವುದಿಲ್ಲ. 16 ಮಿಲಿಲೀಟರ್ ತೆಗೆದರೂ ಸಾಧ್ಯತೆ ಅರ್ಧಕ್ಕಿಂತ ಕಡಿಮೆ. ಕಾಯ್ದರೆ ಚಿತ್ರ ಬದಲಾಗುತ್ತದೆ. ಗಂಟೆಗೊಮ್ಮೆ ಇಮ್ಮಡಿಯಾಗುವ ಜಾತಿಯಾದರೆ, ಆ ಹತ್ತು 24 ಗಂಟೆಯಲ್ಲಿ 16 ಕೋಟಿ ದಾಟುತ್ತವೆ. ಆಗ ಒಂದು ಹನಿ ತೆಗೆದರೂ ಸಿಕ್ಕಿಬೀಳುತ್ತವೆ. ಅಂದರೆ ಬೇಗ ಪರೀಕ್ಷೆ ಮಾಡಿದರೆ ಕಳ್ಳ ಸಿಗುವುದಿಲ್ಲ, ತಡವಾಗಿ ಮಾಡಿದರೆ ಚೀಲದ ಐದು ದಿನದ ಆಯಸ್ಸು ಕರಗುತ್ತದೆ.

ಈ ಹಗ್ಗಜಗ್ಗಾಟವೇ ಜಗತ್ತಿನ ಎಲ್ಲ ನಿಯಮಗಳ ಹಿಂದಿದೆ. ಅಮೆರಿಕದ ರಕ್ತನಿಧಿಗಳು 2004ರಿಂದ ಬ್ಯಾಕ್ಟೀರಿಯಾ ಪರೀಕ್ಷೆ ಮಾಡುತ್ತಿವೆ. ಮೊದಲು 24 ಗಂಟೆಗೆ ಸ್ಯಾಂಪಲ್ ತೆಗೆಯುತ್ತಿದ್ದರು. ಆದರೂ ಸಾವುಗಳು ಪೂರ್ತಿ ನಿಲ್ಲಲಿಲ್ಲ. ನಿಧಾನ ಬೆಳೆಯುವ ಜಾತಿಗಳು ಮೊದಲ ಸುತ್ತಿನಲ್ಲಿ ತಪ್ಪಿಸಿಕೊಂಡು ನಾಲ್ಕನೇ, ಐದನೇ ದಿನಕ್ಕೆ ತಲೆ ಎತ್ತುತ್ತಿದ್ದವು. 2019ರ ಸೆಪ್ಟೆಂಬರಿನಲ್ಲಿ ಅಲ್ಲಿನ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಹೊಸ ಮಾರ್ಗಸೂಚಿ ಹೊರಡಿಸಿತು, 2021ರ ಅಕ್ಟೋಬರ್‌ನಿಂದ ಎಲ್ಲರೂ ಅದರಂತೆ ನಡೆಯಬೇಕಾಯಿತು. ಅದು ಕೊಟ್ಟ ದಾರಿಗಳಲ್ಲಿ ಒಂದು, ಕನಿಷ್ಠ 36 ಗಂಟೆ ಕಾಯ್ದು, ಕನಿಷ್ಠ 16 ಮಿಲಿಲೀಟರ್ ತೆಗೆದು, ಮತ್ತೆ 12 ಗಂಟೆ ನೋಡಿ ಬಿಡುಗಡೆ ಮಾಡುವುದು. ಇನ್ನೊಂದು, ಮೊದಲೊಮ್ಮೆ ಕಲ್ಚರ್ ಮಾಡಿ, ಮೂರು ದಿನ ದಾಟಿದ ಚೀಲವನ್ನು ಮತ್ತೊಮ್ಮೆ ನೋಡುವುದು. ಮತ್ತೊಂದು ಔಷಧ ಬೆರೆಸಿ ಅತಿನೇರಳೆ ಬೆಳಕು ಹಾಯಿಸಿ ಬ್ಯಾಕ್ಟೀರಿಯಾವನ್ನೇ ಸಾಯಿಸುವುದು. ಸ್ವಿಟ್ಜರ್ಲೆಂಡ್ 2011ರಿಂದ, ಫ್ರಾನ್ಸ್ 2017ರಿಂದ ಎಲ್ಲ ಪ್ಲೇಟ್‌ಲೆಟ್‌ಗಳಿಗೂ ಈ ಕೊನೆಯ ವಿಧಾನ ಬಳಸುತ್ತಿವೆ. ಬ್ರಿಟನ್ 2011ರಲ್ಲಿ ತಡವಾಗಿ ಸ್ಯಾಂಪಲ್ ತೆಗೆಯುವ ಪದ್ಧತಿ ತಂದಿತು, ಅದರಿಂದ ಚೀಲದ ಆಯಸ್ಸನ್ನು ಏಳು ದಿನಕ್ಕೆ ಏರಿಸಿಕೊಂಡಿತು. ಅಲ್ಲೂ ಕೆಲವು ಚೀಲಗಳು ಪರೀಕ್ಷೆಯಲ್ಲಿ ಪಾಸಾಗಿ ಹೊರಬಿದ್ದಿವೆ. ಒಳಗೆ ಸ್ಟೆಫಿಲೊಕಾಕಸ್ ಆರಿಯಸ್ ಬೆಳೆದು ಗರಣೆಗಟ್ಟಿದ್ದನ್ನು ಹಾಕುವ ಮುನ್ನ ಸಿಬ್ಬಂದಿ ಕಣ್ಣಿನಿಂದಲೇ ಹಿಡಿದಿದ್ದಾರೆ. ಈ ಬ್ಯಾಕ್ಟೀರಿಯಾ ಚೀಲದ ಒಳಗೋಡೆಗೆ ಪಾಚಿಯಂತೆ ಅಂಟಿಕೊಂಡು ಕೂರಬಲ್ಲದು, ಆಗ ದ್ರವದ ಸ್ಯಾಂಪಲ್ಲಿಗೆ ಬಾರದೇ ಇರಬಹುದು.

ಈ ಯಾವುದನ್ನೂ ಹಾಗೇ ಎತ್ತಿ ರಾಯಚೂರಿನಲ್ಲೋ ಬಳ್ಳಾರಿಯಲ್ಲೋ ಕೂರಿಸಲು ಬರುವುದಿಲ್ಲ ಎಂಬುದೇ ನಮ್ಮ ನಿಜವಾದ ತೊಡಕು. ಕಾರಣ ಚೀಲದ ಗಾತ್ರ. ಆ ದೇಶಗಳಲ್ಲಿ ಹೆಚ್ಚಾಗಿ ಬಳಸುವುದು ಎಸ್‌ಡಿಪಿ: ಒಬ್ಬನೇ ದಾನಿಯನ್ನು ಯಂತ್ರಕ್ಕೆ ಜೋಡಿಸಿ ಒಂದೂವರೆ ಗಂಟೆ ಕೂರಿಸಿ ತೆಗೆದ ದೊಡ್ಡ ಚೀಲ. ಇಲ್ಲವೇ ಹಲವರದನ್ನು ಮೊದಲೇ ಕೂಡಿಸಿದ ದೊಡ್ಡ ಚೀಲ. ನಮ್ಮ ಕಡೆ ಬಡವರಿಗೆ ಸಿಗುವುದು ಆರ್‌ಡಿಪಿ, ಅಂದರೆ ಸಾಮಾನ್ಯ ರಕ್ತದಾನದ ಚೀಲವನ್ನು ತಿರುಗಿಸಿ ಬೇರ್ಪಡಿಸಿದ 50-70 ಮಿಲಿಲೀಟರ್. ಎಸ್‌ಡಿಪಿಗೆ ಸುಮಾರು 11 ಸಾವಿರ ರೂಪಾಯಿ, ಆರ್‌ಡಿಪಿಗೆ ಕೆಲವು ನೂರು. ಆ 50ರಲ್ಲಿ 8 ಮಿಲಿಲೀಟರ್ ಪರೀಕ್ಷೆಗೆ ಕೊಟ್ಟರೆ ಆರರಲ್ಲಿ ಒಂದು ಪಾಲು ಔಷಧವೇ ಹೋಯಿತು. 16 ಕೊಡುವ ಮಾತೇ ಇಲ್ಲ. ಜೊತೆಗೆ ಒಬ್ಬ ದೊಡ್ಡವರಿಗೆ ನಾಲ್ಕರಿಂದ ಆರು ಆರ್‌ಡಿಪಿ ಬೇಕು. ಅಷ್ಟೂ ಬೇರೆ ಬೇರೆ ದಾನಿಗಳದು. ಒಂದು ಎಸ್‌ಡಿಪಿಗೆ ಒಂದು ತೋಳು, ಒಂದು ಪರೀಕ್ಷೆ. ಅಷ್ಟೇ ಪ್ಲೇಟ್‌ಲೆಟ್ ಆರ್‌ಡಿಪಿಯಲ್ಲಿ ಬೇಕೆಂದರೆ ಆರು ತೋಳು, ಆರು ಸಲ ಅಪಾಯ, ಆರು ಪರೀಕ್ಷೆಯ ಖರ್ಚು. ಕಡಿಮೆ ದುಡ್ಡು ಇರುವವರ ಪಾಲಿಗೇ ಹೆಚ್ಚು ಅಪಾಯ ಬಂದು ಬೀಳುತ್ತದೆ. ನನಗೆ ಎಲ್ಲಕ್ಕಿಂತ ನೋವು ತರುವ ಲೆಕ್ಕ ಇದು.

ನಮ್ಮ ಬಿಸಿಲನ್ನೂ ಮರೆಯುವಂತಿಲ್ಲ. ರಾಯಚೂರಿನಲ್ಲಿ ಮೇ ತಿಂಗಳ ಮಧ್ಯಾಹ್ನ 42 ಡಿಗ್ರಿ ಹೊಸದಲ್ಲ. 22 ಡಿಗ್ರಿಯಲ್ಲಿ ನಿಧಾನ ಬೆಳೆಯುವ ಬ್ಯಾಕ್ಟೀರಿಯಾಕ್ಕೆ 37 ಡಿಗ್ರಿ ಎಂದರೆ ತವರುಮನೆ. ಕುಷ್ಟಗಿಯ ಶಿಬಿರದಿಂದ ರಕ್ತ ಘಟಕಕ್ಕೆ ಬರುವ ದಾರಿ, ಅಲ್ಲಿಂದ ಪ್ಲೇಟ್‌ಲೆಟ್ ಆಟೋದಲ್ಲಿ, ಬಸ್ಸಿನಲ್ಲಿ ತಾಲ್ಲೂಕಿನ ಆಸ್ಪತ್ರೆಗೆ ಹೋಗುವ ದಾರಿ, ಎರಡರಲ್ಲೂ ಡಬ್ಬಿಯೊಳಗಿನ ಶಾಖ ಎಷ್ಟೆಂದು ಬರೆದಿಡುವವರಿಲ್ಲ. ನನ್ನ ತೊಡೆಯ ಮೇಲಿದ್ದ ಡಬ್ಬಿಯಲ್ಲೂ ಥರ್ಮಾಮೀಟರ್ ಇರಲಿಲ್ಲ.

2024ರ ನವೆಂಬರಿನಲ್ಲಿ ಬಳ್ಳಾರಿಯ ಜಿಲ್ಲಾಸ್ಪತ್ರೆಯಲ್ಲಿ ಸಿಸೇರಿಯನ್ ಆದ ಬಾಣಂತಿಯರು ಒಬ್ಬರ ಹಿಂದೆ ಒಬ್ಬರು ತೀರಿಕೊಂಡದ್ದು ಈ ಭಾಗದ ಯಾರೂ ಮರೆತಿಲ್ಲ. ಶಂಕೆ ಬಿದ್ದದ್ದು ಅವರಿಗೆ ಹಾಕಿದ್ದ ರಿಂಗರ್ ಲ್ಯಾಕ್ಟೇಟ್ ದ್ರಾವಣದ ಮೇಲೆ. ಅದರ ಬಳಕೆಯನ್ನು ಸರ್ಕಾರ ತಡೆಹಿಡಿಯಿತು. ಅಂದಿನಿಂದ ‘ಬಾಟಲಿಯೊಳಗೆ ಏನಿದೆ’ ಎಂದು ಕೇಳುವ ಧೈರ್ಯ ನಮ್ಮ ಜನಕ್ಕೆ ಬಂದಿದೆ. ಆದರೆ ದ್ರಾವಣದ ಬಾಟಲಿಗೂ ಪ್ಲೇಟ್‌ಲೆಟ್ ಚೀಲಕ್ಕೂ ಒಂದು ದೊಡ್ಡ ವ್ಯತ್ಯಾಸವಿದೆ. ದ್ರಾವಣಕ್ಕೆ ಬ್ಯಾಚ್ ನಂಬರ್ ಇರುತ್ತದೆ. ಒಂದು ಬ್ಯಾಚ್ ಕೆಟ್ಟರೆ ನಾಲ್ಕಾರು ಮಂದಿ ಒಟ್ಟಿಗೆ ಬೀಳುತ್ತಾರೆ, ಸುದ್ದಿಯಾಗುತ್ತದೆ, ತನಿಖೆಯಾಗುತ್ತದೆ. ಪ್ಲೇಟ್‌ಲೆಟ್‌ನಲ್ಲಿ ಪ್ರತಿಯೊಂದು ಚೀಲವೂ ತಾನೇ ಒಂದು ಬ್ಯಾಚ್. ಒಬ್ಬ ದಾನಿ, ಒಂದು ಚೀಲ, ಒಬ್ಬ ರೋಗಿ. ಕೆಟ್ಟರೆ ಒಬ್ಬರಿಗೆ ಕೆಡುತ್ತದೆ. ಪಕ್ಕದ ಮಂಚದವರಿಗೆ ಏನೂ ಆಗಿರುವುದಿಲ್ಲ. ಆ ಒಬ್ಬರು ಮೊದಲೇ ಜ್ವರದವರು, ರಕ್ತದ ಕ್ಯಾನ್ಸರಿನವರು, ಬಿಳಿ ಕಣ ಇಳಿದು ಸೋಂಕಿಗೆ ಬಾಗಿಲು ತೆರೆದು ಕೂತವರು. ಸತ್ತರೆ ಕಾಯಿಲೆಯ ಹೆಸರಿಗೆ ಬರೆದುಕೊಳ್ಳುತ್ತಾರೆ.

ಹೀಗಾಗಿ ಪರೀಕ್ಷೆಗಿಂತ ಮೊದಲು ಬೇಕಾದದ್ದು ವರದಿ ಎಂಬುದು ನನ್ನ ಖಚಿತ ಅಭಿಪ್ರಾಯ. ಚೀಲ ಹಾಕುವಾಗಲೋ, ಮುಗಿದ ನಾಲ್ಕು ಗಂಟೆಯೊಳಗೋ ಮೈ ಶಾಖ ಒಂದು ಡಿಗ್ರಿ ಸೆಲ್ಸಿಯಸ್ ಅಥವಾ ಹೆಚ್ಚು ಏರಿದರೆ, ನಡುಕ ಬಂದರೆ, ಬಿಪಿ ಇಳಿದರೆ, ಮೊದಲು ಚೀಲ ನಿಲ್ಲಿಸಬೇಕು. ಸೂಜಿ ಹಾಗೇ ಇರಲಿ, ಸಲೈನ್ ಹೋಗಲಿ. ಉಳಿದ ಪ್ಲೇಟ್‌ಲೆಟ್ ಇರುವ ಚೀಲವನ್ನು ಕ್ಲಿಪ್ ಹಾಕಿ ರಕ್ತನಿಧಿಗೆ ವಾಪಸ್ ಕಳಿಸಬೇಕು. ಚೀಲದಿಂದಲೂ ರೋಗಿಯ ಇನ್ನೊಂದು ತೋಳಿನಿಂದಲೂ ಕಲ್ಚರ್ ಮಾಡಬೇಕು. ಎರಡರಲ್ಲೂ ಒಂದೇ ಜಾತಿ ಬಂದರೆ ಸಂಶಯ ತೀರಿತು. ಅದೇ ದಾನಿಯ ಕೆಂಪು ರಕ್ತ, ಪ್ಲಾಸ್ಮಾ ಇನ್ನೂ ಕಪಾಟಿನಲ್ಲಿದ್ದರೆ ತಡೆಹಿಡಿಯಬೇಕು. ಇದಕ್ಕೆಂದೇ ರಾಷ್ಟ್ರಮಟ್ಟದ ಹಿಮೋವಿಜಿಲೆನ್ಸ್ (ರಕ್ತ ಹಾಕಿದಾಗ ಆಗುವ ತೊಂದರೆಗಳ ಮೇಲಿನ ನಿಗಾ) ಕಾರ್ಯಕ್ರಮವೊಂದು 2012ರ ಡಿಸೆಂಬರ್ 10ರಂದು ಶುರುವಾಗಿದೆ. ನೋಯ್ಡಾದ ರಾಷ್ಟ್ರೀಯ ಜೈವಿಕ ಉತ್ಪನ್ನಗಳ ಸಂಸ್ಥೆ ಅದನ್ನು ನೋಡಿಕೊಳ್ಳುತ್ತದೆ. ಫಾರ್ಮ್ ಇದೆ, ತಂತ್ರಾಂಶ ಇದೆ. ತಾಲ್ಲೂಕಿನ ವಾರ್ಡಿನಲ್ಲಿ ರಾತ್ರಿಪಾಳಿಯಲ್ಲಿ ಮೂವತ್ತು ರೋಗಿಗಳನ್ನು ಒಬ್ಬರೇ ನೋಡುತ್ತಿರುವ ಸಿಸ್ಟರ್ ಕೈಗೆ ಆ ಫಾರ್ಮ್ ತಲುಪಿದೆಯೇ ಎಂಬುದೇ ಪ್ರಶ್ನೆ. ಅವಿಲ್ ಕೊಟ್ಟಾಗ ಇಳಿದ ಚಳಿ ರಿಜಿಸ್ಟರಿನಲ್ಲಿ ಬೀಳದೇ ಹೋಗುತ್ತದೆ.

ಈ ಮಾತು ಆಡುವಾಗ ಇನ್ನೊಂದು ಕಡೆ ಕಣ್ಣು ಮುಚ್ಚಲಾಗದು. ನಾವು ಹಾಕಿಸಿಕೊಳ್ಳುವ ಪ್ಲೇಟ್‌ಲೆಟ್‌ಗಳಲ್ಲಿ ಬಹಳಷ್ಟು ಬೇಕಾಗಿಯೇ ಇರುವುದಿಲ್ಲ. 2024ರ ಸೆಪ್ಟೆಂಬರಿನಲ್ಲಿ ಕರ್ನಾಟಕ ಡೆಂಗಿಯನ್ನು ಸಾಂಕ್ರಾಮಿಕ ರೋಗವೆಂದು ಘೋಷಿಸಿತು. ನಾಲ್ಕೈದು ದಿನಕ್ಕೊಮ್ಮೆ ನಲ್ಲಿ ನೀರು ಬರುವ ನಮ್ಮ ಊರುಗಳಲ್ಲಿ ಮನೆಮನೆಗೂ ಡ್ರಮ್ಮು, ತೊಟ್ಟಿ. ಈಡಿಸ್ ಸೊಳ್ಳೆಗೆ ಅದಕ್ಕಿಂತ ಹೆಚ್ಚೇನು ಬೇಕು? ಜ್ವರ ಬಂದ ಮೂರನೇ ದಿನದಿಂದ ಮನೆಯವರು ಕೇಳುವುದು ಒಂದೇ: ‘ಕೌಂಟ್ ಎಷ್ಟೈತ್ರಿ?’ ಪ್ಲೇಟ್‌ಲೆಟ್ಟನ್ನು ಜನ ‘ಬಿಳಿ ರಕ್ತ’ ಎನ್ನುತ್ತಾರೆ. ಅದು ಇಳಿದರೆ ಪ್ರಾಣ ಇಳಿದಂತೆ ಎಂಬ ಭಯ. ಹಾಕಿ ಎಂದು ಡಾಕ್ಟರಿಗೇ ದುಂಬಾಲು ಬೀಳುತ್ತಾರೆ. ಸಿಂಗಪುರ ಮತ್ತು ಮಲೇಷ್ಯಾದಲ್ಲಿ 372 ಡೆಂಗಿ ರೋಗಿಗಳ ಮೇಲೆ ನಡೆದು 2017ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಪ್ರಕಟವಾದ ಅಧ್ಯಯನ ಈ ಪ್ರಶ್ನೆಯನ್ನೇ ಕೈಗೆತ್ತಿಕೊಂಡಿತ್ತು. ಕೌಂಟ್ 20 ಸಾವಿರ ಅಥವಾ ಅದಕ್ಕಿಂತ ಕೆಳಗಿದ್ದು, ಗಂಭೀರ ರಕ್ತಸ್ರಾವ ಇಲ್ಲದವರಲ್ಲಿ ಅರ್ಧ ಮಂದಿಗೆ ಪ್ಲೇಟ್‌ಲೆಟ್ ಹಾಕಿದರು, ಅರ್ಧ ಮಂದಿಗೆ ಹಾಕಲಿಲ್ಲ. ರಕ್ತಸ್ರಾವ ತಡೆಯುವುದರಲ್ಲಿ ಹಾಕಿದ್ದರಿಂದ ಲಾಭ ಕಾಣಲಿಲ್ಲ. ಅಡ್ಡ ಪರಿಣಾಮಗಳು ಮಾತ್ರ ಹಾಕಿದವರಲ್ಲಿ ಹೆಚ್ಚು. ಡೆಂಗಿಯಲ್ಲಿ ಪ್ರಾಣ ಉಳಿಸುವುದು ಸರಿಯಾದ ಹೊತ್ತಿಗೆ ಸರಿಯಾದ ಪ್ರಮಾಣದ ದ್ರವ, ಬಿಪಿ, ಪಿಸಿವಿ (ರಕ್ತದಲ್ಲಿ ಕೆಂಪು ಕಣಗಳ ಪಾಲು) ಮೇಲೆ ಕಣ್ಣು. ನಮ್ಮ ಹುಡುಗನ ಕೌಂಟ್ 18 ಸಾವಿರ. ಒಸಡಿನಿಂದ ಒಂದು ಹನಿ ರಕ್ತ ಬಂದಿರಲಿಲ್ಲ. ಆ ನಾಲ್ಕು ಚೀಲ ಅವನಿಗೆ ಬೇಕಿರಲಿಲ್ಲ ಎಂದು ಇಂದು ನನಗೆ ಅನಿಸುತ್ತದೆ. ಹಾಕದ ಚೀಲದಿಂದ ಸೋಂಕು ತಗಲುವ ಪ್ರಶ್ನೆಯೇ ಇಲ್ಲ. ರಕ್ತದ ಕ್ಯಾನ್ಸರಿನ ಮಗುವಿನ ಮಾತು ಬೇರೆ. ಅದಕ್ಕೆ ಬೇಕೇ ಬೇಕು, ಮತ್ತೆ ಮತ್ತೆ ಬೇಕು. ಶುದ್ಧವಾದ ಚೀಲ ಮೊದಲು ಸಿಗಬೇಕಾದದ್ದು ಆ ಮಗುವಿಗೆ.

ಹಾಗಾದರೆ ಎಲ್ಲಿಂದ ಶುರು ಮಾಡಬೇಕು? ಬಳ್ಳಾರಿಯ ವಿಮ್ಸ್ (ಹೆಸರು ಬದಲಾದರೂ ಜನರ ಬಾಯಲ್ಲಿ ಅದು ವಿಮ್ಸೇ), ರಾಯಚೂರಿನ ರಿಮ್ಸ್, ಕೊಪ್ಪಳದ ಕಿಮ್ಸ್, ಮೂರೂ ಸರ್ಕಾರಿ ಮೆಡಿಕಲ್ ಕಾಲೇಜುಗಳು. ಮೂರರಲ್ಲೂ ಸೂಕ್ಷ್ಮಜೀವಿಶಾಸ್ತ್ರ ವಿಭಾಗವಿದೆ. ರೋಗಿಗಳ ರಕ್ತದ ಕಲ್ಚರನ್ನು ತಾವೇ ನೋಡಿಕೊಳ್ಳುವ ಯಂತ್ರಗಳಲ್ಲೇ ಪ್ಲೇಟ್‌ಲೆಟ್ ಕಲ್ಚರನ್ನೂ ಮಾಡಬಹುದು, ಹೊರದೇಶಗಳಲ್ಲಿ ಮಾಡುತ್ತಿರುವುದು ಅಂಥ ಯಂತ್ರಗಳಲ್ಲೇ. ಬೇಕಾದದ್ದು ಬಾಟಲಿಗಳು, ಚೀಲ ತೆರೆಯದೆ ಸ್ಯಾಂಪಲ್ ತೆಗೆಯಲು ನಳಿಕೆ ಬೆಸೆಯುವ ಸಾಧನ, ಜವಾಬ್ದಾರಿ ಹೊತ್ತ ಒಬ್ಬ ಸಿಬ್ಬಂದಿ. ಎಸ್‌ಡಿಪಿ ಚೀಲ ದೊಡ್ಡದು, ಅದರಿಂದ ಈಗಲೇ ಶುರು ಮಾಡಬಹುದು. ಆರ್‌ಡಿಪಿಗೆ ಎಲ್ಲ ಚೀಲವೂ ಬೇಡ. ಡೆಂಗಿ ತಿಂಗಳುಗಳಲ್ಲಿ ಚೀಲ ಬಂದ ಒಂದೆರಡು ದಿನದಲ್ಲೇ ಖರ್ಚಾಗಿಬಿಡುತ್ತದೆ, ಆಗ ಬ್ಯಾಕ್ಟೀರಿಯಾಕ್ಕೆ ಬೆಳೆಯಲು ಹೊತ್ತೂ ಕಡಿಮೆ. ಚಳಿಗಾಲದಲ್ಲಿ ಬೇಡಿಕೆ ಇಳಿದಾಗ ನಾಲ್ಕನೇ, ಐದನೇ ದಿನದವರೆಗೆ ಉಳಿಯುವ ಚೀಲಗಳೇ ಹೆಚ್ಚು ಅಪಾಯದವು. ಮೂರು ದಿನ ದಾಟಿದ ಆರ್‌ಡಿಪಿಯನ್ನು ಪರೀಕ್ಷಿಸದೆ ಹೊರಗೆ ಬಿಡಬಾರದು ಎಂಬ ಒಂದು ನಿಯಮ ಸಾಕು. ಮುಂದೆ ಯುರೋಪಿನಂತೆ ಹಲವರ ಪ್ಲೇಟ್‌ಲೆಟ್ಟನ್ನು ಮೊದಲೇ ಒಂದು ಚೀಲಕ್ಕೆ ಕೂಡಿಸಿ ಒಂದೇ ಪರೀಕ್ಷೆ ಮಾಡುವ ಪದ್ಧತಿಗೆ ಹೋಗಬಹುದು. ಅತಿನೇರಳೆ ಯಂತ್ರಕ್ಕೆ ಈಗಲೇ ಕೈ ಚಾಚುವುದು ಬೇಡ. ತೋಳು ಉಜ್ಜಲು ಒಂದು ನಿಮಿಷ ಕೊಡದ ಕಡೆ ಅಷ್ಟು ದುಡ್ಡು ಸುರಿಯುವುದರಲ್ಲಿ ಅರ್ಥವಿಲ್ಲ.

ಚೀಲ ಕೊಡುವ ಮುನ್ನ ಬೆಳಕಿಗೆ ಹಿಡಿದು ಮೆಲ್ಲಗೆ ಓಲಾಡಿಸಿ ನೋಡಬೇಕೆಂದು ನಿಯಮದಲ್ಲೇ ಇದೆ. ಆರೋಗ್ಯವಂತ ಪ್ಲೇಟ್‌ಲೆಟ್ ತಟ್ಟೆಯಾಕಾರದ್ದು. ಅಂಥವು ಓಲಾಡುವಾಗ ಜರಿ ಸೀರೆಯನ್ನು ಬಿಸಿಲಿಗೆ ತಿರುಗಿಸಿದಂತೆ ಒಳಗೆ ಮಿನುಗು ಸುಳಿಯುತ್ತದೆ. ಕೆಟ್ಟರೆ ಅವು ಗುಂಡಗಾಗಿ ಮಿನುಗು ಹೋಗುತ್ತದೆ. ಬ್ಯಾಕ್ಟೀರಿಯಾ ಕೋಟಿಗಟ್ಟಲೆ ಆಗುವವರೆಗೂ ಮಿನುಗು ಹೋಗದಿರಬಹುದು, ಆದ್ದರಿಂದ ಇದು ಪರೀಕ್ಷೆಗೆ ಬದಲಿಯಲ್ಲ. ಆದರೂ ಗರಣೆ, ಬಣ್ಣ ಬದಲಾವಣೆ, ಚೀಲದೊಳಗೆ ಗಾಳಿಗುಳ್ಳೆ ಕಂಡರೆ ಬೇಡ ಎನ್ನುವ ಹಕ್ಕು ವಾರ್ಡಿನ ಸಿಸ್ಟರಿಗೂ ಇದೆ, ತರಲು ಹೋದ ನನ್ನಂಥವರಿಗೂ ಇದೆ.

ಕೊನೆಗೆ ಒಂದು ಫೋನಿನ ವಿಚಾರ. ಕಲ್ಚರ್ ಬಾಟಲಿ ಯಂತ್ರದಲ್ಲಿ ದಿನಗಟ್ಟಲೆ ಕೂರುತ್ತದೆ. ಚೀಲ ಹೊರಗೆ ಹೋದ ಮೇಲೂ ಬಾಟಲಿ ಪಾಸಿಟಿವ್ ಎಂದು ಕೂಗಬಹುದು, ಅದು ರಾತ್ರಿ ಎರಡು ಗಂಟೆಗೇ ಆಗಬಹುದು. ಆಗ ಲ್ಯಾಬಿನವರು ರಕ್ತನಿಧಿಗೆ, ರಕ್ತನಿಧಿಯವರು ಚೀಲ ಒಯ್ದ ಆಸ್ಪತ್ರೆಯ ವಾರ್ಡಿಗೆ ಫೋನ್ ಮಾಡಬೇಕು: ಆ ನಂಬರಿನ ಚೀಲ ಹಾಕಿದ್ದೀರಾ, ನಿಲ್ಲಿಸಿ, ಹಾಕಿಯಾಗಿದ್ದರೆ ಆಂಟಿಬಯಾಟಿಕ್ ಈಗಲೇ ಶುರು ಮಾಡಿ. ಅಂದು ನಾನು ರಾಯಚೂರಿನಿಂದ ಸಿಂಧನೂರಿಗೆ ಒಯ್ದ ನಾಲ್ಕು ಚೀಲಗಳ ರಸೀದಿ ಇನ್ನೂ ನನ್ನ ಹತ್ತಿರ ಇದೆ. ರೋಗಿಯ ಹೆಸರಿದೆ, ರಕ್ತದ ಗುಂಪಿದೆ, ಚೀಲದ ನಂಬರುಗಳಿವೆ, ಕಟ್ಟಿದ ಹಣವಿದೆ. ವಾರ್ಡಿನ ಫೋನ್ ನಂಬರ್ ಬರೆಯುವ ಜಾಗ ಖಾಲಿ ಇದೆ.